ಮುಯ್ಯಿಗೆ ಬಂದ ಪಿಟೀಲು

ಮಲೆನಾಡಿನಲ್ಲಿ ಹೊಸಬರು ಯಾರಾದರೂ ಜಗಲಿ ಹತ್ತಿದರೆ ಹೆಸರು ಕೇಳುವುದು ಆಮೇಲೆ. ಮೊದಲು ಕಾಲಿಗೆ ನೀರು, ಕೈಗೆ ಕಾಫಿ ಲೋಟ. ಅದಾದ ಮೇಲೆ ‘ಯಾವ ಕಡೆಯವರಾಯ್ತು?’ ಎಂದು ಮೆಲ್ಲಗೆ ಶುರುವಾಗುತ್ತದೆ. ಬಾಳೂರಿನಲ್ಲಿ ಒಬ್ಬ ದೊಡ್ಡಪ್ಪ, ಕಳಸದಲ್ಲಿ ಹೆಂಡತಿಯ ಮನೆ, ಆಲ್ದೂರಿಗೆ ಕೊಟ್ಟ ತಂಗಿ ಎಂದು ಎಳೆ ಹಿಡಿದು ಹೋದರೆ, ಲೋಟ ಖಾಲಿಯಾಗುವ ಹೊತ್ತಿಗೆ ಬಂದವರು ನಮಗೂ ಎಲ್ಲೋ ಒಂದು ಕಡೆ ನೆಂಟರಾಗಿಯೇ ಏಳುತ್ತಾರೆ. ಈ ಅಭ್ಯಾಸ ಹಾಡು ಕೇಳುವಾಗಲೂ ನನ್ನನ್ನು ಬಿಟ್ಟಿಲ್ಲ. ಹಾಡೊಂದು ಕಿವಿಗೆ ಹಿಡಿಸಿತೆಂದರೆ ಹಾಡಿದವರ ಹೆಸರು ತಿಳಿದಷ್ಟಕ್ಕೆ ಸಮಾಧಾನವಾಗುವುದಿಲ್ಲ. ಹಿಂದೆ ಪಿಟೀಲು ಎಳೆದವರು ಯಾರು, ಡ್ರಮ್ಸ್‌ಗೆ ಕೂತವರು ಯಾರು, ಇದಕ್ಕೂ ಮುಂಚೆ ಅವರು ಯಾರ ಜತೆ ನುಡಿಸುತ್ತಿದ್ದರು, ಈಗ ಯಾರ ಮನೆಯಲ್ಲಿದ್ದಾರೆ ಎಂದು ವಿಚಾರಿಸಿಕೊಂಡು ಹೋಗುತ್ತೇನೆ.

ಅದಕ್ಕೆ ಹೇಳಿ ಮಾಡಿಸಿದ ಕಾಲ ಜುಲೈ. ಬೆಳಿಗ್ಗೆ ಎದ್ದು ಮಳೆ ಎಷ್ಟು ಇಂಚು ಬಿತ್ತೆಂದು ಅಳೆದು ಡೈರಿಯಲ್ಲಿ ಬರೆದಿಟ್ಟರೆ ತೋಟದಲ್ಲಿ ಹೆಚ್ಚಿನ ಕೆಲಸ ನಡೆಯುವುದಿಲ್ಲ. ಮೂಡಿಗೆರೆ ಹ್ಯಾಂಡ್‌ಪೋಸ್ಟಿನವರೆಗೆ ಹೋಗಿಬರುವುದೂ ಒಂದು ಸಾಹಸ. ಕರೆಂಟು ಇದ್ದಷ್ಟು ಹೊತ್ತು ಹಾಡು ಕೇಳುವುದು, ಹೋದ ಮೇಲೆ ಕೇಳಿದ್ದನ್ನು ಮೆಲುಕು ಹಾಕುವುದು. ಹೆಂಚಿನ ಮೇಲೆ ಮಳೆ ಬೀಳುವ ಸದ್ದಿನಲ್ಲಿ ಗಾಯಕರ ದನಿ ಅರ್ಧ ಮುಳುಗಿಹೋದರೂ ಬಾಸ್ ಗಿಟಾರಿನ ತಗ್ಗಿದ ಸ್ವರ ಮಾತ್ರ ನೆಲ ಹಿಡಿದು ಬಂದು ಮುಟ್ಟುತ್ತದೆ. ಹಿಂದೆ ಕೂತು ನುಡಿಸುವವರ ಕಡೆಗೆ ನನ್ನ ಗಮನ ಹರಿದದ್ದು ಈ ಮಳೆಯಿಂದಲೇ ಇರಬೇಕು.

ಎಳೆ ಹಿಡಿಯಲು ಒಳ್ಳೆಯ ತುದಿ ಮೈಸೂರಿನಲ್ಲಿ ಬೆಳೆದ ಅಣ್ಣತಮ್ಮಂದಿರು, ರಘು ದೀಕ್ಷಿತ್ ಮತ್ತು ವಾಸು ದೀಕ್ಷಿತ್. ಅಣ್ಣ ಓದಿದ್ದು ಸೂಕ್ಷ್ಮಜೀವಿ ವಿಜ್ಞಾನ, ಕಲಿತದ್ದು ಭರತನಾಟ್ಯ, ಕೊನೆಗೆ ಕೈಗೆ ಅಂಟಿದ್ದು ಗಿಟಾರು. ಮೊದಲು ‘ಅಂತರಾಗ್ನಿ’ ಎಂಬ ತಂಡ ಕಟ್ಟಿದರು. ಅದು ಚದುರಿದ ಮೇಲೆ ‘ರಘು ದೀಕ್ಷಿತ್ ಪ್ರಾಜೆಕ್ಟ್’. 2008ರಲ್ಲಿ ಬಂದ ಅದರ ಮೊದಲ ಆಲ್ಬಂನಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಶಿಶುನಾಳ ಶರೀಫರ ಪದಗಳೂ ಕೂತಿದ್ದವು. ಆಲ್ಬಂ ಹೊರತಂದವರು ಮುಂಬೈಯ ಸಿನಿಮಾ ಸಂಗೀತ ನಿರ್ದೇಶಕರಾದ ವಿಶಾಲ್ ಮತ್ತು ಶೇಖರ್. 2010ರಲ್ಲಿ ಈ ತಂಡ ಲಂಡನ್ನಿನಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮಕ್ಕೂ ಹೋಗಿ ಬಂತು. ಪಂಚೆ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಹಾಡುವ ಈ ಮನುಷ್ಯನ ದನಿ ನನಗೆ ಇಷ್ಟವಾದದ್ದು ಅದರ ಅಬ್ಬರದಿಂದಲ್ಲ. ಎಷ್ಟು ಎತ್ತರಕ್ಕೆ ಹೋದರೂ ಶರೀಫರ ಮಾತು ಅದರಲ್ಲಿ ಒಡೆಯುವುದಿಲ್ಲ, ಒಂದೊಂದು ಅಕ್ಷರವೂ ಕೇಳುತ್ತದೆ.

ತಮ್ಮನದು ‘ಸ್ವರಾತ್ಮ’. 2006ರಲ್ಲಿ ರೇಡಿಯೊ ಸಿಟಿ ನಡೆಸಿದ ಸ್ಪರ್ಧೆ ಗೆದ್ದು ಹೆಸರಾದ ತಂಡ ಅದು. 2009ರ ಮೊದಲ ಆಲ್ಬಂನಲ್ಲಿ ‘ಈ ಭೂಮಿ’ ಎಂಬ ಕನ್ನಡದ ಹಾಡಿದೆ. ವಾಸು ಸೊಂಟಕ್ಕೆ ಕೀಲುಕುದುರೆ ಕಟ್ಟಿಕೊಂಡು ವೇದಿಕೆ ತುಂಬಾ ಓಡಾಡುತ್ತಾರೆ. ಜಿಷ್ಣು ದಾಸ್‌ಗುಪ್ತ ಬಾಸ್, ವರುಣ್ ಮುರಳಿ ಗಿಟಾರ್, ಸಂಜೀವ್ ನಾಯಕ್ ಪಿಟೀಲು, ಪವನ್ ಕುಮಾರ್ ಕೈವಾದ್ಯಗಳು. ಸಂಜೀವ್ ನಾಯಕರ ಪಿಟೀಲು ಬಂದಾಗಲೆಲ್ಲ ಹಾಡು ಒಂದು ಕ್ಷಣ ರಾಕ್ ಸಂಗೀತದ ಅಂಗಳ ಬಿಟ್ಟು ಕಛೇರಿಯ ಜಮಖಾನದ ಮೇಲೆ ಕೂತು, ಮತ್ತೆ ಎದ್ದು ಹೊರಡುತ್ತದೆ. ರೇಡಿಯೋಹೆಡ್ ತಂಡದ ಆಲ್ಬಂ ನಿರ್ಮಿಸಿದ್ದ ಇಂಗ್ಲೆಂಡಿನ ಜಾನ್ ಲೆಕಿ ಬ್ರಿಟಿಷ್ ಕೌನ್ಸಿಲ್‌ನ ಯೋಜನೆಯೊಂದರಲ್ಲಿ ಇವರ ಧ್ವನಿಮುದ್ರಣ ಮಾಡಿಸಿದ್ದೂ ಅದೇ ಕಾಲದ ಆಚೀಚೆ. ಮುಂದೆ ಸ್ವರಾತ್ಮದ ಜತೆಜತೆಗೇ ವಾಸು ತಮ್ಮದೇ ಇನ್ನೊಂದು ತಂಡವನ್ನೂ ಕಟ್ಟಿದರು, ‘ವಾಸು ದೀಕ್ಷಿತ್ ಕಲೆಕ್ಟಿವ್’. ದಾಸರ ಪದ, ಜನಪದಗಳಿಗೆ ಅಲ್ಲಿ ಹೆಚ್ಚು ಜಾಗ.

ಇನ್ನು ಅದೇ ಮನೆಗೆ ಸೇರಿದ ಬಿಂದುಮಾಲಿನಿ ನಾರಾಯಣಸ್ವಾಮಿ. ವಾಸು ಅವರ ಪತ್ನಿ ಎನ್ನುವುದು ನಂಟಿನ ಮಾತಾಯಿತು, ಸಂಗೀತದಲ್ಲಿ ಅವರ ದಾರಿ ಪೂರ್ತಿ ಅವರದೇ. ವೇದಾಂತ್ ಭಾರದ್ವಾಜ್ ಜತೆ ಸೇರಿ ಕಬೀರನನ್ನು ಹಾಡಿದರು, ಅದೇ ವೇದಾಂತ್ ಜತೆ ತಮಿಳಿನ ‘ಅರುವಿ’ ಸಿನಿಮಾಕ್ಕೆ ಸಂಗೀತ ಮಾಡಿದರು. 2018ರ ‘ನಾತಿಚರಾಮಿ’ಯ ಹಾಡಿಗೆ ಅವರಿಗೆ ಅತ್ಯುತ್ತಮ ಗಾಯಕಿ ರಾಷ್ಟ್ರಪ್ರಶಸ್ತಿ ಬಂತು. ಶಬ್ನಮ್ ವೀರ್ಮಾನಿ ಬೆಂಗಳೂರಿನಲ್ಲಿ ಶುರುಮಾಡಿದ ಕಬೀರ್ ಪ್ರಾಜೆಕ್ಟ್ ಇಂಥ ಹಲವರನ್ನು ಒಂದೆಡೆ ಕೂರಿಸಿದ ಚಾವಡಿ. ಮಾಳವದ ಪ್ರಹ್ಲಾದ್ ಟಿಪಾನಿಯಾ ತಂಬೂರಿ ಹಿಡಿದು ಹಾಡಿದ್ದು ಬೆಂಗಳೂರಿನ ಗಿಟಾರಿನವರ ಕಿವಿಗೆ ಬಿದ್ದದ್ದು ಹೀಗೆ. ಬಿಂದುಮಾಲಿನಿಯ ದನಿಯಲ್ಲಿ ಕರ್ನಾಟಕ ಸಂಗೀತ, ಹಿಂದೂಸ್ತಾನಿ, ಕಬೀರನ ಹಾಡುಗಾರರ ಬಿಚ್ಚುಗಂಠ ಮೂರೂ ಒಂದರೊಳಗೊಂದು ನಿಂತಿವೆ. ಯಾವುದು ಎಲ್ಲಿ ಮುಗಿಯಿತು ಎಂದು ಹುಡುಕುವ ಗೋಜಿಗೆ ನಾನು ಹೋಗುವುದಿಲ್ಲ, ಕಣ್ಣು ಮುಚ್ಚಿ ಕೇಳುತ್ತೇನೆ.

ಅಣ್ಣನ ಮನೆಯ ಜಗಲಿಗೆ ಹಿಂತಿರುಗೋಣ. ರಘು ದೀಕ್ಷಿತ್ ತಮ್ಮ ತಂಡವನ್ನು ಬಾಗಿಲು ತೆರೆದ ಮನೆಯಂತೆಯೇ ನಡೆಸಿದವರು. ಯಾರು ಬೇಕಾದರೂ ಬರಬಹುದು, ಒಂದಷ್ಟು ಕಾಲ ನುಡಿಸಿ ಹೋಗಬಹುದು. ಬಹಳ ವರ್ಷ ಬಾಸ್ ನುಡಿಸಿ, ತಂಡದ ವ್ಯವಹಾರವನ್ನೂ ನೋಡಿಕೊಂಡ ಗೌರವ್ ವಾಜ್ ಇನ್ನೊಂದು ಕಡೆ ‘ರೇಡಿಯೋವರ್ವ್’ ಎಂಬ ಇಂಟರ್‌ನೆಟ್ ರೇಡಿಯೋ ನಡೆಸುತ್ತಿದ್ದರು. ಅದರಲ್ಲಿ ಬರುತ್ತಿದ್ದುದು ಇಂಥವೇ ಸ್ವತಂತ್ರ ತಂಡಗಳ ಹಾಡು. ತನ್ನ ತಂಡದ ಜತೆ ನೆರೆಮನೆಯವರ ಹಾಡನ್ನೂ ಊರಿಗೆ ಕೇಳಿಸಿದ ಮನುಷ್ಯ. ಗಿಟಾರಿನ ಬ್ರೈಡನ್ ಲೂಯಿಸ್ ಮತ್ತು ಕೊಳಲಿನ ಪಾರ್ಥ್ ಚಂದಿರಮಾನಿ ಇದೇ ಪ್ರಾಜೆಕ್ಟಿನಲ್ಲಿ ಜತೆಗೂಡಿ ನುಡಿಸುತ್ತ ತಮ್ಮಿಬ್ಬರದೇ ಒಂದು ಜೋಡಿ ಕಟ್ಟಿಕೊಂಡರು, ‘ಬ್ರೈಡನ್–ಪಾರ್ಥ್’. ಈ ಬ್ರೈಡನ್ ‘ಸ್ಲೇನ್’ ಎಂಬ ಬೆಂಗಳೂರಿನ ಬಿರುಸು ರಾಕ್ ತಂಡದವರು. ಅದೇ ಸ್ಲೇನ್‌ನಲ್ಲಿ ಕೀಬೋರ್ಡ್ ನುಡಿಸುತ್ತಿದ್ದ ಜೂಡಾ ಸ್ಯಾಂಡಿ ಆಮೇಲೆ ಸುನಿ ನಿರ್ದೇಶನದ ‘ಆಪರೇಷನ್ ಅಲಮೇಲಮ್ಮ’, ‘ಚಮಕ್’ ಸಿನಿಮಾಗಳಿಗೆ ಸಂಗೀತ ನಿರ್ದೇಶಕರಾದರು. ನೋಡಿ, ಶರೀಫರ ಪದದ ಹಿಂದೆ ಬಂದ ಗಿಟಾರಿನ ಎಳೆಯೊಂದನ್ನು ಹಿಡಿದು ಹೊರಟರೆ ಮೂರೇ ಹೆಜ್ಜೆಗೆ ನಮ್ಮ ಮೂಡಿಗೆರೆ ಬಸ್ಸಿನಲ್ಲಿ ಹಾಕುವ ಸಿನಿಮಾ ಹಾಡಿಗೆ ಬಂದು ನಿಂತೆವು.

ಇದನ್ನೆಲ್ಲ ವಿವರಿಸಲು ನನ್ನ ಹತ್ತಿರ ಇರುವುದು ನಮ್ಮ ಗದ್ದೆಯ ಮಾತೊಂದೇ. ಮಲೆನಾಡಿನಲ್ಲಿ ನಾಟಿಗೆ ಮುಯ್ಯಾಳು ಎಂದು ಇತ್ತು, ಕೆಲವು ಕಡೆ ಈಗಲೂ ಇದೆ. ಇವತ್ತು ನಮ್ಮ ಗದ್ದೆಗೆ ನಿಮ್ಮ ಮನೆಯ ನಾಲ್ಕು ಜನ ಬಂದರೆ ನಾಡಿದ್ದು ನಿಮ್ಮ ಗದ್ದೆಗೆ ನಮ್ಮ ಮನೆಯ ನಾಲ್ಕು ಜನ. ಕೂಲಿಯಿಲ್ಲ, ಲೆಕ್ಕದ ಪುಸ್ತಕವಿಲ್ಲ, ಆದರೆ ಯಾರೂ ಮರೆಯುವುದಿಲ್ಲ. ಮಳೆ ಹಿಡಿದಿರುವ ಹದಿನೈದು ಇಪ್ಪತ್ತು ದಿನದೊಳಗೆ ಊರಿನ ಎಲ್ಲರ ಗದ್ದೆಯೂ ನಾಟಿಯಾಗಬೇಕು, ಒಂದೇ ಮನೆಯವರು ಮಾಡಿದರೆ ಮುಗಿಯುವ ಕೆಲಸವಲ್ಲ. ಬೆಂಗಳೂರಿನ ಬ್ಯಾಂಡುಗಳು ಬದುಕಿದ್ದು ಇಂಥದೇ ಮುಯ್ಯಿಯಿಂದ ಎಂದು ನನಗೆ ಅನ್ನಿಸುತ್ತದೆ.

ಯಾಕೆಂದರೆ ಕಂಪನಿಯ ಸಂಬಳದ ಮೇಲೆ ತಂಡವನ್ನು ಸಾಕುವ ಪದ್ಧತಿ ಇವರಿಗೆ ಇರಲಿಲ್ಲ. ಹಾಡು ಬರೆಯುವವರು, ಗಿಟಾರ್ ಹಿಡಿದು ಮುಂದೆ ನಿಲ್ಲುವವರು ಬೀದಿಗೊಬ್ಬರು ಸಿಗುತ್ತಾರೆ. ಗಟ್ಟಿಯಾಗಿ ತಾಳ ಹಿಡಿಯುವ ಡ್ರಮ್ಸ್‌ನವರು, ಬಾಸ್‌ನವರು ಕಡಿಮೆ. ಡ್ರಮ್ಸ್ ಕಲಿಯಬೇಕೆಂದರೆ ಮೊದಲು ಅದನ್ನು ಇಡಲು ಒಂದು ಕೋಣೆ ಬೇಕು, ಬಾಡಿಗೆ ಮನೆಯಲ್ಲಿ ಅಕ್ಕಪಕ್ಕದವರು ಬಿಡಬೇಕು, ಎತ್ತಿಕೊಂಡು ಹೋಗಲು ಗಾಡಿ ಬೇಕು. ಹಾಗಾಗಿ ಒಬ್ಬ ಒಳ್ಳೆಯ ಡ್ರಮ್ಮರ್ ಸಿಕ್ಕರೆ ಅವನು ಮೂರು ನಾಲ್ಕು ತಂಡಗಳ ಆಸ್ತಿ. ಗಂಟೆಯ ಬಾಡಿಗೆಗೆ ಸಿಗುವ ಅಭ್ಯಾಸದ ಕೋಣೆಯಲ್ಲಿ ಒಂದು ತಂಡ ಹೊರಡುವಾಗ ಇನ್ನೊಂದು ತಂಡ ಬಾಗಿಲಲ್ಲಿ ನಿಂತಿರುತ್ತದೆ. ಆ ಬಾಗಿಲಲ್ಲೇ ಎಷ್ಟೋ ಹೊಸ ತಂಡಗಳು ಹುಟ್ಟಿರಬೇಕು. ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರು ಹೋಗಿ ನುಡಿಸಿ ಬರುತ್ತಾರೆ. ಶನಿವಾರದ ಗಿಗ್‌ನಲ್ಲಿ ಸ್ವಂತ ಹಾಡು, ಭಾನುವಾರ ಮದುವೆಯ ಆರತಕ್ಷತೆಯಲ್ಲಿ ಹಳೆಯ ಸಿನಿಮಾ ಹಾಡು, ಸೋಮವಾರ ಸ್ಟುಡಿಯೋದಲ್ಲಿ ಯಾರದೋ ಸಿನಿಮಾಕ್ಕೆ ಸೆಷನ್. ಮನೆ ಬಾಡಿಗೆ ಕಟ್ಟುವುದು ಈ ಭಾನುವಾರ ಸೋಮವಾರಗಳು, ಶನಿವಾರವನ್ನು ಉಳಿಸಿಕೊಡುವುದೂ ಅವೇ. ಹೀಗೆ ಓಡಾಡುವ ವಾದಕ ಬರಿಗೈಯಲ್ಲಿ ಓಡಾಡುವುದಿಲ್ಲ. ಒಂದು ತಂಡದಲ್ಲಿ ಕಲಿತ ತಾಳದ ಮುರಿತವನ್ನು ಇನ್ನೊಂದು ತಂಡಕ್ಕೆ ಒಯ್ದು, ಅಲ್ಲಿನ ರಾಗದ ಗುಂಗನ್ನು ಇಲ್ಲಿಗೆ ತರುತ್ತಾನೆ. ಹತ್ತು ತಂಡಗಳನ್ನು ಕೇಳಿದ ಮೇಲೆ ಅವೆಲ್ಲದರ ಒಳಗೆ ಒಂದು ಊರಿನ ಸದ್ದು ಕೇಳಿಸುವುದು ಇದರಿಂದ.

ಕನಕಪುರ ರಸ್ತೆಯ ಫೈರ್‌ಫ್ಲೈಸ್ ಆಶ್ರಮದ ಆಲದ ಮರದ ಬುಡದಲ್ಲಿ ರಾತ್ರಿಯಿಡೀ ನಡೆಯುತ್ತಿದ್ದ ಸಂಗೀತ ಉತ್ಸವವನ್ನು ಕಂಡವರು ಇಂದಿಗೂ ಅದರ ಮಾತಾಡುತ್ತಾರೆ. ಸಂಜೆ ಶುರುವಾಗಿ ಬೆಳಕು ಹರಿಯುವವರೆಗೆ ಒಂದರ ಹಿಂದೆ ಒಂದು ತಂಡ. ಬಯಲಾಟ ನೋಡಿ ಬೆಳೆದ ನಮ್ಮಂಥವರಿಗೆ ಬೆಳಗಿನ ನಾಲ್ಕು ಗಂಟೆಯ ಸಂಗೀತದ ಬೆಲೆ ಗೊತ್ತು. ಆ ಹೊತ್ತಿನಲ್ಲಿ ಎಚ್ಚರವಿದ್ದು ಕೇಳುವವರಿಗೆ ವಾದಕರೂ ಬೇರೆ ಥರವೇ ನುಡಿಸುತ್ತಾರೆ.

ಇದು ಈಚಿನ ಇಪ್ಪತ್ತು ವರ್ಷದ ಕತೆ ಎಂದುಕೊಳ್ಳಬೇಡಿ. ಟಿ.ಎ.ಎಸ್. ಮಣಿ 1964ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಎಂಬ ತಾಳವಾದ್ಯ ಶಾಲೆ ತೆರೆದರು. ಮೃದಂಗ ಕಲಿಸುವ ಮನೆ. ಅವರ ಪತ್ನಿ ಆರ್.ಎ. ರಮಾಮಣಿ ಹಾಡುಗಾರ್ತಿ. ಆ ಮನೆಗೆ ಯಾರು ಯಾರೋ ಬಂದರು. ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೋ ನಾದಸ್ವರವನ್ನೂ ಕಲಿತಿದ್ದ ಮನುಷ್ಯ. ಅವರು ಈ ಶಾಲೆಯವರ ಜತೆ ಸೇರಿ ಮಾಡಿದ ‘ಜ್ಯೋತಿ’ ಎಂಬ ರೆಕಾರ್ಡನ್ನು ಜರ್ಮನಿಯ ಇಸಿಎಂ ಕಂಪನಿ 1983ರಲ್ಲಿ ಹೊರತಂದಿತು. ರಮಾಮಣಿಯವರ ಆಲಾಪದ ಪಕ್ಕದಲ್ಲಿ ಸ್ಯಾಕ್ಸೊಫೋನ್ ಅವಸರವಿಲ್ಲದೆ ನಡೆಯುತ್ತದೆ, ಒಂದರ ಮೇಲೊಂದು ಬೀಳುವುದಿಲ್ಲ. ನಲವತ್ತು ವರ್ಷದ ಮೇಲೂ ಅದು ಹಳತಾಗಿಲ್ಲ. 1970ರ ದಶಕದಲ್ಲಿ ಬೆಂಗಳೂರಿನಲ್ಲಿ ‘ಹ್ಯೂಮನ್ ಬಾಂಡೇಜ್’ ಎಂಬ ರಾಕ್ ತಂಡವಿತ್ತು. ಅದರಲ್ಲಿ ಡ್ರಮ್ಸ್ ನುಡಿಸುತ್ತಿದ್ದ ರಮೇಶ್ ಶೋತಮ್ ಇದೇ ಮಣಿಯವರ ಶಾಲೆಯಲ್ಲಿ ತವಿಲ್ ಕಲಿತು, ಆಮೇಲೆ ಜರ್ಮನಿಯಲ್ಲಿ ನೆಲೆಸಿ, ಮತ್ತೆ ಮತ್ತೆ ಅದೇ ಗುರುಮನೆಯವರ ಜತೆ ನುಡಿಸಿದರು. ಆ ಮನೆಯ ಕಾರ್ತಿಕ್ ಮಣಿ ಮುಂದೆ ‘ಮೂನ್‌ಅರ್ರ’ ತಂಡದಲ್ಲಿ ತಾಳವಾದ್ಯಕ್ಕೆ ಕೂತರು. ಮೃದಂಗದ ಮನೆ, ರಾಕ್ ತಂಡ, ಜಾಝ್, ಮತ್ತೆ ಹೊಸ ತಂಡ ಎಂದು ಮುಯ್ಯಿ ಎರಡು ತಲೆಮಾರು ದಾಟಿತು.

ಈ ಎಳೆಯ ಇನ್ನೊಂದು ತುದಿ ನಮ್ಮ ಜಿಲ್ಲೆಯಲ್ಲೇ ಇದೆ. ಅನಂತಮೂರ್ತಿಯವರ ಕಾದಂಬರಿಯನ್ನು ಆಧರಿಸಿದ ‘ಸಂಸ್ಕಾರ’ ಸಿನಿಮಾ ಬಂದದ್ದು 1970ರಲ್ಲಿ. ಚಿತ್ರೀಕರಣ ನಡೆದದ್ದು ಶೃಂಗೇರಿಯ ಹತ್ತಿರದ ವೈಕುಂಠಪುರದಲ್ಲಿ. ಕಳಸದಿಂದ ಬೆಟ್ಟ ದಾಟಿದರೆ ಸಿಗುವ ಊರು. ನಿರ್ದೇಶಕರು ಪಟ್ಟಾಭಿರಾಮ ರೆಡ್ಡಿ, ಚಂದ್ರಿಯಾದವರು ಅವರ ಪತ್ನಿ ಸ್ನೇಹಲತಾ ರೆಡ್ಡಿ, ಪ್ರಾಣೇಶಾಚಾರ್ಯ ಗಿರೀಶ ಕಾರ್ನಾಡ, ನಾರಣಪ್ಪ ಲಂಕೇಶ್, ಕ್ಯಾಮೆರಾ ಆಸ್ಟ್ರೇಲಿಯಾದ ಟಾಮ್ ಕೋವನ್. ಸಂಗೀತ ಮಾಡಿದವರು ರಾಜೀವ ತಾರಾನಾಥ. ಇಂಗ್ಲಿಷ್ ಮೇಷ್ಟರೂ ಹೌದು, ಅಲಿ ಅಕ್ಬರ್ ಖಾನರ ಶಿಷ್ಯರಾದ ಸರೋದ್ ವಾದಕರೂ ಹೌದು. ಆ ಸಿನಿಮಾದಲ್ಲಿ ಮಾತಿಲ್ಲದ ಜಾಗಗಳನ್ನು ಅವರು ಎಷ್ಟು ಕಡಿಮೆ ಸ್ವರಗಳಲ್ಲಿ ತುಂಬಿದ್ದಾರೆ ಎನ್ನುವುದನ್ನು ಗಮನಿಸಿ ನೋಡಬೇಕು. ಪಟ್ಟಾಭಿ ಮತ್ತು ಸ್ನೇಹಲತಾ ದಂಪತಿಯ ಮಗ ಕೋನಾರ್ಕ್ ರೆಡ್ಡಿ ಗಿಟಾರ್ ವಾದಕರಾದರು. ಬೆಂಗಳೂರಿನ ಗಿಟಾರಿನವರಿಗೆಲ್ಲ ಹಿರಿಯಣ್ಣನ ಸ್ಥಾನದಲ್ಲಿ ಇರುವವರು. ಸಾಹಿತ್ಯ, ರಂಗಭೂಮಿ, ಸಿನಿಮಾ, ಸರೋದು, ಗಿಟಾರು ಎಲ್ಲವೂ ಒಂದೇ ಸ್ನೇಹಿತರ ಗುಂಪಿನಲ್ಲಿ ಓಡಾಡಿಕೊಂಡಿದ್ದ ಕಾಲ ಅದು. ತುರ್ತುಪರಿಸ್ಥಿತಿಯಲ್ಲಿ ಸೆರೆಯಲ್ಲಿದ್ದು, 1977ರ ಜನವರಿಯಲ್ಲಿ ತೀರಿಕೊಂಡ ಸ್ನೇಹಲತಾರನ್ನು ನೆನೆಯದೆ ಆ ಕಾಲದ ಸಂಗೀತವನ್ನು ಮಾತಾಡಲು ನನಗೆ ಮನಸ್ಸಾಗುವುದಿಲ್ಲ.

ಮೂಡಿಗೆರೆಯಲ್ಲಿ ಕೂತು ಬರೆಯುವಾಗ ಇದೇ ಊರಿನ ಕತೆಗಾರ ಪೂರ್ಣಚಂದ್ರ ತೇಜಸ್ವಿಯವರನ್ನು ಬಿಟ್ಟು ಮುಂದೆ ಹೋಗುವುದು ಹೇಗೆ? ಎಳೆಯ ವಯಸ್ಸಿನಲ್ಲಿ ಸಿತಾರ್ ಕೈಗೆತ್ತಿಕೊಂಡಿದ್ದವರು ಅವರು. ಅವರ ‘ಡೇರ್‌ಡೆವಿಲ್ ಮುಸ್ತಫಾ’ ಕತೆ 2023ರಲ್ಲಿ ಸಿನಿಮಾ ಆಯಿತು. ಶಶಾಂಕ್ ಸೋಗಾಲ್ ನಿರ್ದೇಶನ, ನವನೀತ್ ಶ್ಯಾಮ್ ಸಂಗೀತ, ಹಣ ಹಾಕಿದವರು ತೇಜಸ್ವಿ ಓದುಗರೇ. ಅದಕ್ಕೂ ಹತ್ತು ವರ್ಷ ಮೊದಲು, ಸ್ವರಾತ್ಮದವರಲ್ಲ, ಅದೇ ಹೆಸರಿನ ಸಿನಿಮಾ ನಿರ್ದೇಶಕ ಪವನ್ ಕುಮಾರ್ ಪ್ರೇಕ್ಷಕರಿಂದಲೇ ಹಣ ಕೂಡಿಸಿ ‘ಲೂಸಿಯಾ’ ಮಾಡಿದ್ದರು. ಅದರ ಸಂಗೀತ ನಿರ್ದೇಶಕರ ಹೆಸರೂ ಪೂರ್ಣಚಂದ್ರ ತೇಜಸ್ವಿ, ಆ ಸಿನಿಮಾದಿಂದ ಮೇಲೆ ಬಂದ ದನಿ ಮೈಸೂರಿನ ನವೀನ್ ಸಜ್ಜು ಅವರದು. ಕೇಳುವವರು, ಓದುವವರು ಕೂಡ ಮುಯ್ಯಾಳಾಗಿ ಗದ್ದೆಗೆ ಇಳಿಯಬಹುದು ಎಂದು ಈ ಎರಡು ಸಿನಿಮಾಗಳಿಂದ ನನಗೆ ಗೊತ್ತಾಯಿತು.

ಸುಗಮ ಸಂಗೀತದವರಲ್ಲೂ ಇದೇ ನಂಟು. ಮೈಸೂರು ಅನಂತಸ್ವಾಮಿಯವರ ಶಿಷ್ಯೆ ಎಂ.ಡಿ. ಪಲ್ಲವಿ ಭಾವಗೀತೆಯಿಂದ ಸಿನಿಮಾಕ್ಕೆ, ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ನ ನಟನೆಗೆ, ಅಲ್ಲಿಂದ ರಂಗಭೂಮಿಗೆ ಹೋಗಿ ಬರುತ್ತಲೇ ಇದ್ದಾರೆ. ಶರೀಫರ ಪದಗಳನ್ನು ಮನೆಮನೆಗೆ ಮುಟ್ಟಿಸಿದವರು ಸಿ. ಅಶ್ವತ್ಥ್. 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಬಂದ ಮೇಲೆ ಆ ಪದಗಳು ಕಾಫಿ ಕುಯ್ಯುವವರ ಬಾಯಲ್ಲೂ ಇದ್ದವು. ಬ್ಯಾಂಡಿನ ಹುಡುಗರು ಶರೀಫರನ್ನು ಎತ್ತಿಕೊಂಡಾಗ ಕೇಳುಗರ ಕಿವಿ ಮೊದಲೇ ಹದವಾಗಿತ್ತು. ಆ ಹದ ಮಾಡಿದವರ ಸಾಲಿನಲ್ಲಿ ಅಶ್ವತ್ಥರ ಪಕ್ಕದಲ್ಲಿ ಕೂತು ತಬಲ, ಕೊಳಲು ನುಡಿಸಿದವರೂ ಇದ್ದಾರೆ.

ನಮ್ಮ ಬೆಟ್ಟಗಳಲ್ಲಿ ಬ್ಯಾಂಡು ಇಲ್ಲವೇ ಎಂದು ಕೇಳಿದರೆ, ಇದೆ, ಬೇರೆ ಹೆಸರಿನಲ್ಲಿ ಇದೆ. ಗಣಪತಿ ಹಬ್ಬದ ಪೆಂಡಾಲಿನಲ್ಲಿ ‘ರಸಮಂಜರಿ ಕಾರ್ಯಕ್ರಮ’ ಎಂದು ಬ್ಯಾನರ್ ಕಟ್ಟಿರುತ್ತಾರಲ್ಲ, ಆ ವೇದಿಕೆಯನ್ನು ಗಮನಿಸಿ. ಬಣಕಲ್‌ನಲ್ಲಿ ಒಂದು ಆರ್ಕೆಸ್ಟ್ರಾದ ಹೆಸರು, ಮಾರನೆಯ ದಿನ ಕೊಟ್ಟಿಗೆಹಾರದಲ್ಲಿ ಇನ್ನೊಂದು ಹೆಸರು, ಕಳಸದಲ್ಲಿ ಮತ್ತೊಂದು. ಗಾಯಕರು ಬೇರೆ, ನಿರೂಪಕರು ಬೇರೆ. ಕೀಬೋರ್ಡಿನ ಹಿಂದೆ ನಿಂತವನು ಮಾತ್ರ ಅವನೇ, ರಿದಂ ಪ್ಯಾಡಿನವನೂ ಅವನೇ. ಭಾನುವಾರ ಬೆಳಿಗ್ಗೆ ಚರ್ಚಿನ ಗಾಯನ ಮಂಡಳಿಗೆ ನುಡಿಸುವ ಕೈ ಅದೇ ರಾತ್ರಿ ಗಣಪತಿಯ ಮುಂದೆ ದೇವರನಾಮಕ್ಕೆ ನುಡಿಸುತ್ತದೆ. ಹಾಡುವವರ ಶ್ರುತಿ ಅರ್ಧ ಸ್ವರ ಮೇಲೆ ಹೋದರೆ ತಾನೂ ಸದ್ದಿಲ್ಲದೆ ಅಲ್ಲಿಗೇ ಹೋಗಿ ಮರ್ಯಾದೆ ಉಳಿಸುವ ಈ ವಾದಕರ ಕಿವಿಗೆ ನಾನು ಸದಾ ತಲೆಬಾಗುತ್ತೇನೆ.

ಯಕ್ಷಗಾನದ ವಿಷಯಕ್ಕೆ ಬಂದರೆ ನಮ್ಮವರಿಗೆ ವಂಶಾವಳಿಯೇ ಬಾಯಿಪಾಠ. ದೀಪಾವಳಿ ಕಳೆದು ಮೇಳಗಳ ತಿರುಗಾಟ ಶುರುವಾಗುವ ಮೊದಲೇ ಯಾವ ಭಾಗವತರು ಯಾವ ಮೇಳಕ್ಕೆ, ಮದ್ದಳೆಗೆ ಯಾರು, ಚಂಡೆ ಯಾರದು ಎಂಬ ಸುದ್ದಿ ಘಾಟಿ ಹತ್ತಿ ಬಂದಿರುತ್ತದೆ. ಕೊಪ್ಪ, ಶೃಂಗೇರಿ ಕಡೆಯವರು ಮಂದಾರ್ತಿ ಮೇಳಕ್ಕೆ ಹರಕೆ ಹೇಳಿಕೊಂಡು ಮನೆ ಮುಂದೆ ಆಟ ಆಡಿಸುತ್ತಾರೆ. ಕಾಳಿಂಗ ನಾವಡರು ನಾರಣಪ್ಪ ಉಪ್ಪೂರರ ಶಿಷ್ಯರು, ಗುರುವಿನ ಹಿಂದೆ ಕೂತು ಕಲಿತು ಮೇಳದಿಂದ ಮೇಳಕ್ಕೆ ಹೋಗಿ, ಸಾಲಿಗ್ರಾಮ ಮೇಳದಲ್ಲಿ ಹೆಸರಿನ ತುದಿಯಲ್ಲಿದ್ದಾಗಲೇ 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಆಗ ಅವರಿಗೆ ಮೂವತ್ತೆರಡರ ಆಸುಪಾಸು. ಅವರ ಕ್ಯಾಸೆಟ್ಟುಗಳನ್ನು ಇಂದಿಗೂ ಕಾಪಾಡಿಕೊಂಡು ಬಂದ ಮನೆಗಳು ನಮ್ಮಲ್ಲಿವೆ. ಅದರಲ್ಲಿ ಪದ್ಯದ ನಡುವೆ ಮದ್ದಳೆಯವರು ಹಾಕಿದ ಒಂದು ಮುಕ್ತಾಯಕ್ಕೆ ‘ಆಹಾ’ ಎನ್ನುವ ಮುದುಕರು ಆ ಮದ್ದಳೆ ಯಾರದೆಂದೂ ಹೇಳುತ್ತಾರೆ. ಹಿಮ್ಮೇಳದ ಪ್ರತಿಯೊಬ್ಬರ ಹೆಸರನ್ನೂ ಇಟ್ಟುಕೊಂಡು ಕೇಳುವ ಈ ಕೇಳ್ಮೆ ಇನ್ನಾವ ಸಂಗೀತಕ್ಕೂ ಇಷ್ಟು ಚೆನ್ನಾಗಿ ದಕ್ಕಿದ್ದನ್ನು ನಾನು ಕಂಡಿಲ್ಲ.

ಅದಕ್ಕಿಂತ ಹಳೆಯದು ಅಂಟಿಗೆ ಪಂಟಿಗೆ. ದೀಪಾವಳಿಯ ರಾತ್ರಿಗಳಲ್ಲಿ ದೀಪ ಹಿಡಿದುಕೊಂಡು ಮನೆಯಿಂದ ಮನೆಗೆ, ಊರಿಂದ ಊರಿಗೆ ಹಾಡುತ್ತ ನಡೆಯುವ ತಂಡ. ವಾದ್ಯವಿಲ್ಲ. ಮುಂದಿನವರು ಹೇಳಿದ ಸೊಲ್ಲನ್ನು ಹಿಂದಿನವರು ಹಿಡಿದು ಎಳೆಯುತ್ತಾರೆ. ದೀಪ ಆರಬಾರದು, ಹಾಡೂ ನಿಲ್ಲಬಾರದು. ಮನೆಯವರು ಎದ್ದು ಬಂದು ದೀಪಕ್ಕೆ ಎಣ್ಣೆ ಹೊಯ್ದು, ಆ ಸೊಡರಿನಿಂದ ತಮ್ಮ ಮನೆಯ ದೀಪ ಹಚ್ಚಿಕೊಂಡು, ಅಕ್ಕಿ ಕಾಸು ಕೊಟ್ಟು ಕಳಿಸುತ್ತಾರೆ. ಒಬ್ಬರಿಗೆ ಗಂಟಲು ಕಟ್ಟಿದರೆ ಆ ಊರಿನಲ್ಲಿ ಹಾಡು ಬಲ್ಲ ಇನ್ನೊಬ್ಬರು ಕಂಬಳಿ ಹೊದ್ದು ಸೇರಿಕೊಳ್ಳುತ್ತಾರೆ. ಹೊರಟಾಗ ಇದ್ದ ತಂಡವೇ ಬೆಳಗಿನ ಜಾವಕ್ಕೂ ಇರಬೇಕೆಂದಿಲ್ಲ.

ಒಂದು ದೀಪಾವಳಿಗೆ ತಂಗಿಯ ಮಗ ಬೆಂಗಳೂರಿನಿಂದ ಗೆಳೆಯರನ್ನು ಕರೆದುಕೊಂಡು ಬಂದಿದ್ದ. ಎಲ್ಲರೂ ಏನಾದರೊಂದು ನುಡಿಸುವವರು. ಕಾಫಿ ಕಣದಲ್ಲಿ ಚಾಪೆ ಹಾಕಿಕೊಂಡು ಸಂಜೆಯಿಂದ ಜ್ಯಾಮ್ ಮಾಡುತ್ತಿದ್ದರು. ಪಕ್ಕದ ಮನೆಯ ಅಜ್ಜ, ಹಿಂದೆ ಅಂಟಿಗೆ ಪಂಟಿಗೆಗೆ ಮುಂದಾಳಾಗಿದ್ದವರು, ಬಂದು ಕೂತರು. ಸ್ವಲ್ಪ ಹೊತ್ತು ಕೇಳಿ, ಕಹೋನ್ ಎಂಬ ಪೆಟ್ಟಿಗೆಯ ಮೇಲೆ ಕೂತು ತಾಳ ಹಾಕುತ್ತಿದ್ದ ಹುಡುಗನನ್ನು ಕೇಳಿದರು: ‘ನೀನು ಯಾರ ಸೆಟ್ಟಿನವ ಮಾರಾಯ?’

‘ಇವತ್ತು ಇವರದ್ದು ಅಜ್ಜ, ಬರೋ ವಾರ ಬೇರೆಯವರದ್ದು’ ಎಂದ ಹುಡುಗ.

‘ಹಾಗಾದ್ರೆ ಸರಿ’ ಎಂದು ಅಜ್ಜ ಸಲೀಸಾಗಿ ಒಪ್ಪಿಕೊಂಡು, ಕವಳ ಉಗುಳಿ ಬಂದು, ಒಂದು ಸೊಲ್ಲು ಎತ್ತಿದರು. ಹುಡುಗರಿಗೆ ಪದ ಬಾರದು. ಅವರು ಹಿಂದಿನ ಸಾಲಿನವರಂತೆ ಸ್ವರ ಮಾತ್ರ ಹಿಡಿದುಕೊಂಡರು. ಪಿಟೀಲಿನವಳೊಬ್ಬಳು ಅಜ್ಜನ ದನಿ ಇಳಿಯುವ ಜಾಗವನ್ನು ಎರಡೇ ಸಲಕ್ಕೆ ಗುರುತಿಸಿ, ಮೂರನೆಯ ಸಲ ತಾನೇ ಮೊದಲು ಅಲ್ಲಿಗೆ ಹೋಗಿ ಕಾದಳು. ಅಜ್ಜ ಅವಳ ಕಡೆ ತಿರುಗಿ ತಲೆಯಾಡಿಸಿದರು. ರಾತ್ರಿ ಊಟಕ್ಕೆ ಕೂತಾಗ ಸೋದರಳಿಯ ಹೇಳಿದ: ‘ಮಾವ, ಅವಳು ನಮ್ಮ ಬ್ಯಾಂಡ್‌ನವಳಲ್ಲ. ನಮ್ಮ ಪಿಟೀಲಿನವನಿಗೆ ಬೇರೆ ಕಡೆ ಗಿಗ್ ಇತ್ತು, ಅವನ ಬದಲಿಗೆ ಬಂದಳು.’ ಕಡುಬಿನ ಮೇಲೆ ತುಪ್ಪ ಬಡಿಸುತ್ತಿದ್ದ ನನ್ನ ಹೆಂಡತಿ ‘ಹಾಗಾದ್ರೆ ಮುಯ್ಯಿಗೆ ಬಂದವಳು, ಅವಳಿಗೆ ಇನ್ನೆರಡು ಹಾಕು’ ಎಂದಳು, ನನ್ನ ಕೈಗೆ ತಟ್ಟೆ ಕೊಟ್ಟು.

ಈಗ ನಮ್ಮ ಕಡೆ ಹೋಂಸ್ಟೇಗಳು, ರೆಸಾರ್ಟುಗಳು ತುಂಬಿವೆ. ವಾರದ ಕೊನೆಗೆ ಅಲ್ಲಿ ಸಂಗೀತವೂ ಇರುತ್ತದೆ, ಚಳಿಗಾಲದಲ್ಲಿ ಬೆಂಕಿ ಹಾಕಿ ಅದರ ಸುತ್ತ ಕೂರಿಸುತ್ತಾರೆ. ಬೆಂಗಳೂರಿನಿಂದ, ಮಂಗಳೂರಿನಿಂದ, ನಮ್ಮದೇ ಚಿಕ್ಕಮಗಳೂರಿನಿಂದ ಹುಡುಗರು ಬಂದು ನುಡಿಸಿ ಹೋಗುತ್ತಾರೆ. ಬೋರ್ಡಿನಲ್ಲಿ ಮಾತ್ರ ‘ಲೈವ್ ಮ್ಯೂಸಿಕ್’ ಎಂದಷ್ಟೇ ಇರುತ್ತದೆ. ಅಡುಗೆಯಲ್ಲಿ ಏನೇನಿದೆ ಎಂದು ಪಟ್ಟಿ ಬರೆಯುವವರು ನುಡಿಸುವ ಮೂವರ ಹೆಸರು ಬರೆಯಲು ಮರೆಯುತ್ತಾರೆ. ಫೋನಿನಲ್ಲಿ ಕೇಳುವ ಹಾಡಿನದ್ದೂ ಅದೇ ಪಾಡು. ಹಾಡಿದವರ ಮುಖ ದೊಡ್ಡದಾಗಿ ಕಾಣುತ್ತದೆ, ಡ್ರಮ್ಸ್ ಯಾರದೆಂದು ತಿಳಿಯಲು ಎಲ್ಲೆಲ್ಲೋ ಒತ್ತಿ ಹುಡುಕಬೇಕು, ಎಷ್ಟೋ ಸಲ ಸಿಗುವುದೇ ಇಲ್ಲ. ಕ್ಯಾಸೆಟ್ಟಿನ ಒಳಗಿನ ಮಡಿಸಿದ ಕಾಗದದಲ್ಲಿ ಸಣ್ಣ ಅಕ್ಷರದಲ್ಲಾದರೂ ಈ ಹೆಸರುಗಳಿಗೆ ಜಾಗವಿತ್ತು. ಹೆಸರು ಅಳಿಸಿದರೆ ನಂಟು ಅಳಿಸುತ್ತದೆ. ಯಾರು ಯಾರಿಂದ ಏನು ಕಲಿತರೆಂಬ ದಾರಿಯೇ ಮುಚ್ಚಿಹೋಗುತ್ತದೆ.

ಆದ್ದರಿಂದ ಗಣಪತಿ ಸಮಿತಿಯವರಲ್ಲಿ, ಹೋಂಸ್ಟೇ ನಡೆಸುವ ನನ್ನ ನೆರೆಹೊರೆಯವರಲ್ಲಿ ಒಂದು ಕೋರಿಕೆ. ಕರಪತ್ರ ಅಚ್ಚಿಗೆ ಕೊಡುವಾಗ ಗಾಯಕರ ಹೆಸರಿನ ಕೆಳಗೆ ತಬಲ, ಕೀಬೋರ್ಡ್, ಪ್ಯಾಡ್, ಬಾಸ್ ನುಡಿಸುವವರ ಹೆಸರನ್ನೂ ಹಾಕಿಸಿ, ಇನ್ನೊಂದು ಸಾಲಿಗೆ ಅಚ್ಚಿನವರು ಹೆಚ್ಚು ದುಡ್ಡು ಕೇಳುವುದಿಲ್ಲ. ವೇದಿಕೆಯ ಮೇಲೆ ಶಾಲು ಹೊದಿಸುವುದಾದರೆ ಹಿಂದಿನ ಸಾಲಿನಿಂದ ಶುರು ಮಾಡಿ. ಅವರ ಸಂಭಾವನೆಯನ್ನು ಅವರ ಕೈಗೇ, ಅದೇ ರಾತ್ರಿ ಕೊಡಿ. ಊಟಕ್ಕೆ ಮೊದಲ ಪಂಕ್ತಿಯಲ್ಲಿ ಕೂರಿಸಿ. ಮಂಜು ಇಳಿಯುವ ಮೊದಲು ಚಾರ್ಮಾಡಿ ಘಾಟಿ ದಾಟಿ, ಮಾರನೆಯ ದಿನ ಇನ್ನೊಬ್ಬರ ತಂಡದಲ್ಲಿ ನುಡಿಸಬೇಕಾದವರು ಅವರು.